ಬೆಳಕಿನ ಪಟ್ಟಿಯಿಂದ ಗರ್ಭದವರೆಗೆ: ನಕ್ಷತ್ರವನ್ನು ಅಳೆಯುವ ಕ್ರಮ

ಸೂರ್ಯನ ಮತ್ತು 1987ರ ಸೂಪರ್‌ನೋವಾದ ನ್ಯೂಟ್ರಿನೊಗಳನ್ನು ಬಿಟ್ಟರೆ ನಕ್ಷತ್ರಗಳ ಒಡಲಿನಿಂದ ನಮಗೆ ನೇರ ಸುದ್ದಿ ಬಂದಿಲ್ಲ. ಸಿಗುವುದು ಹೊರಗಿನ ತೆಳು ಪೊರೆಯಿಂದ ಹೊರಟ ಬೆಳಕು ಮಾತ್ರ. ಸೂರ್ಯನಲ್ಲಾದರೆ ಆ ಪೊರೆಯ ದಪ್ಪ ಕೆಲವು ನೂರು ಕಿಲೋಮೀಟರ್. ತಾಪಮಾನ, ದ್ರವ್ಯರಾಶಿ, ವಯಸ್ಸು, ಗರ್ಭದಲ್ಲಿ ಉಳಿದಿರುವ ಹೈಡ್ರೋಜನ್ ಇವೆಲ್ಲ ಆ ಬೆಳಕಿನಿಂದ ಲೆಕ್ಕ ಹಾಕಿ ಪಡೆದವು. ಒಂದು ಲೆಕ್ಕದ ತಪ್ಪು ಮುಂದಿನದಕ್ಕೆ ದಾಟುತ್ತದೆ. ಆದ್ದರಿಂದ ಮೊದಲು ರೋಹಿತ (ಬಣ್ಣಗಳಾಗಿ ಬಿಡಿಸಿದ ಬೆಳಕಿನ ಪಟ್ಟಿ), ಆಮೇಲೆ ದೂರ, ಅದಾದ ಮೇಲೆ ಗುಚ್ಛದ, ಅಂದರೆ ಒಟ್ಟಿಗೆ ಹುಟ್ಟಿದ ನಕ್ಷತ್ರಗಳ ಗುಂಪಿನ, ನಕ್ಷೆ, ಕೊನೆಗೆ ಒಳರಚನೆಯ ಮಾದರಿ ಎಂಬ ಕ್ರಮದಲ್ಲಿ ಹೋಗುವುದು ಒಳ್ಳೆಯದು. ಮಾದರಿಯ ಸಾಫ್ಟ್‌ವೇರ್ ಉಚಿತ, ಅದು ಬಿಡಿಸುವ ಚಿತ್ರಗಳೂ ಚೆಂದ, ಹಾಗಾಗಿ ಅನೇಕರು ಅಲ್ಲಿಂದಲೇ ಶುರುಮಾಡುತ್ತಾರೆ. ಬಂದ ಅಂಕಿ ನಂಬುವಂಥದ್ದೋ ಅಲ್ಲವೋ ಎಂದು ತಿಳಿಯಲು ಆಗ ಅವರ ಬಳಿ ಏನೂ ಇರುವುದಿಲ್ಲ.

ಎಲ್ಲ ಹಂತಕ್ಕೂ ಒಂದೇ ನಿಯಮ: ಉತ್ತರ ಮೊದಲೇ ಗೊತ್ತಿರುವ ನಕ್ಷತ್ರವನ್ನು ನಿಮ್ಮ ವಿಧಾನಕ್ಕೆ ಕೊಟ್ಟು ನೋಡಿ. ಅದು ಸರಿಯಾಗಿ ಬಂದಮೇಲೆ ಹೊಸದನ್ನು ಮುಟ್ಟಿ.

ಹಂತ 1: ಗ್ರೇಟಿಂಗ್‌ನಿಂದ ರೋಹಿತ ಹಿಡಿಯುವುದು

ಬೇಕಾಗುವುದು 80ರಿಂದ 200 ಮಿಲಿಮೀಟರ್ ವ್ಯಾಸದ ದೂರದರ್ಶಕ, ಮೋಟರ್ ಇರುವ ಈಕ್ವಟೋರಿಯಲ್ ಮೌಂಟ್ (ಆಕಾಶದ ತಿರುಗಾಟವನ್ನು ಹಿಂಬಾಲಿಸುವ ಪೀಠ), ಕಪ್ಪು-ಬಿಳುಪು ಕ್ಯಾಮೆರಾ, ಮತ್ತು ಮಿಲಿಮೀಟರಿಗೆ 100 ಗೆರೆಗಳಿರುವ, ಫಿಲ್ಟರಿನಂತೆ ತಿರುಗಿಸಿ ಕೂರಿಸುವ, ಬೆಳಕನ್ನು ಬಣ್ಣಗಳಾಗಿ ಹರಡುವ ಗ್ರೇಟಿಂಗ್. ಬಣ್ಣದ ಕ್ಯಾಮೆರಾದಲ್ಲೂ ಕೆಲಸ ನಡೆಯುತ್ತದೆ. ಆದರೆ ಅದರ ಪಿಕ್ಸೆಲ್‌ಗಳ ಮೇಲಿನ ಕೆಂಪು, ಹಸಿರು, ನೀಲಿ ಸೋಸುಗಗಳಿಂದ ರೋಹಿತದಲ್ಲಿ ಉಬ್ಬುತಗ್ಗು ಮೂಡುತ್ತದೆ. ಒಳಗೆ ಅವಕೆಂಪು ತಡೆ ಇದ್ದರಂತೂ 700 ನ್ಯಾನೊಮೀಟರ್ ಆಚೆ ಹೆಚ್ಚೇನೂ ಉಳಿಯುವುದಿಲ್ಲ.

ಗ್ರೇಟಿಂಗ್ ಮತ್ತು ಸೆನ್ಸರ್ ನಡುವಿನ ಅಂತರವನ್ನು ಕಾಗದದ ಮೇಲೆ ಲೆಕ್ಕ ಹಾಕಿಯೇ ಜೋಡಿಸಿ. ಮಿಲಿಮೀಟರಿಗೆ 100 ಗೆರೆ ಎಂದರೆ ಗೆರೆಗಳ ನಡುವೆ 10,000 ನ್ಯಾನೊಮೀಟರ್. ಪಿಕ್ಸೆಲ್ ಅಳತೆಯನ್ನು ಈ ಸಂಖ್ಯೆಯಿಂದ ಗುಣಿಸಿ, ಗ್ರೇಟಿಂಗ್-ಸೆನ್ಸರ್ ಅಂತರದಿಂದ ಭಾಗಿಸಿದರೆ ಒಂದು ಪಿಕ್ಸೆಲ್‌ಗೆ ಎಷ್ಟು ನ್ಯಾನೊಮೀಟರ್ ಎಂಬುದು ಬರುತ್ತದೆ. 3.75 ಮೈಕ್ರಾನ್ ಪಿಕ್ಸೆಲ್, 40 ಮಿಲಿಮೀಟರ್ ಅಂತರ ಇದ್ದರೆ ಅದು 0.94. ನಕ್ಷತ್ರದ ನೇರ ಬಿಂಬದಿಂದ (ಗ್ರೇಟಿಂಗಿನಲ್ಲಿ ಹರಡದೆ ದಾಟಿ ಬಂದ ಬಿಂಬ) ಹೈಡ್ರೋಜನ್‌ನ ಕೆಂಪು ಗೆರೆ, ಅಂದರೆ 656.3 ನ್ಯಾನೊಮೀಟರಿನ ಎಚ್-ಆಲ್ಫಾ, 700 ಪಿಕ್ಸೆಲ್ ದೂರದಲ್ಲಿ ಬೀಳಬೇಕು, 486.1ರ ಎಚ್-ಬೀಟಾ ಸುಮಾರು 518ರಲ್ಲಿ. 1280 ಪಿಕ್ಸೆಲ್ ಅಗಲದ ಸೆನ್ಸರಿನಲ್ಲಿ ನೇರ ಬಿಂಬವೂ ಇಡೀ ರೋಹಿತವೂ ಒಟ್ಟಿಗೆ ಹಿಡಿಯುತ್ತವೆ. ಅಂತರ ಹೆಚ್ಚಿಸಿದರೆ ರೋಹಿತ ಉದ್ದವಾಗುತ್ತದೆ ನಿಜ, ಆದರೆ ವಿವರವೂ ಅಷ್ಟೇ ಹೆಚ್ಚುತ್ತದೆ ಎಂದುಕೊಳ್ಳಬೇಡಿ. ಇಲ್ಲಿ ಸೀಳುಗಂಡಿ ಇಲ್ಲ, ನಕ್ಷತ್ರದ ಬಿಂಬವೇ ಸೀಳು. 1000 ಮಿಲಿಮೀಟರ್ ನಾಭಿದೂರದಲ್ಲಿ 3 ಆರ್ಕ್‌ಸೆಕೆಂಡಿನ ಬಿಂಬ 14.5 ಮೈಕ್ರಾನ್, ಅಂದರೆ ನಾಲ್ಕು ಪಿಕ್ಸೆಲ್, ಅಂದರೆ 3.6 ನ್ಯಾನೊಮೀಟರ್. ಇದಕ್ಕಿಂತ ಹತ್ತಿರವಿರುವ ಗೆರೆಗಳು ಕೂಡಿಕೊಂಡೇ ಕಾಣುತ್ತವೆ. 0.6 ನ್ಯಾನೊಮೀಟರ್ ಅಂತರದ ಸೋಡಿಯಂ ಜೋಡಿಗೆರೆ ಬೇರೆಬೇರೆಯಾಗಿ ಕಾಣಲಿಲ್ಲವೆಂದು ಉಪಕರಣವನ್ನು ದೂರಬೇಕಿಲ್ಲ.

ಮೊದಲ ಗುರಿ ಅಭಿಜಿತ್ (ವೇಗಾ). ನಕ್ಷತ್ರಗಳನ್ನು ಬಿಸಿಯಿಂದ ತಂಪಿಗೆ ಒ, ಬಿ, ಎ, ಎಫ್, ಜಿ, ಕೆ, ಎಂ ಎಂದು ವಿಂಗಡಿಸುವ ಕ್ರಮದಲ್ಲಿ ಎ0 ವರ್ಗದ ಈ ನಕ್ಷತ್ರದ ಹೈಡ್ರೋಜನ್ ಗೆರೆಗಳು ಎಷ್ಟು ಗಾಢವೆಂದರೆ ಚಿತ್ರದಲ್ಲೇ ಕಣ್ಣಿಗೆ ಕಾಣುತ್ತವೆ.

1. ಗ್ರೇಟಿಂಗನ್ನು ತಿರುಗಿಸಿ ರೋಹಿತವನ್ನು ಪಿಕ್ಸೆಲ್ ಸಾಲಿಗೆ ಸಮಾಂತರವಾಗಿಸಿ. ಓರೆ ಉಳಿದರೆ ಸಾಫ್ಟ್‌ವೇರಿನಲ್ಲಿ ಸರಿಪಡಿಸಬಹುದು, ಆದರೆ ಹಾಗೆ ತಿರುಗಿಸುವಾಗ ಗೆರೆಗಳು ಸ್ವಲ್ಪ ಕಲಸಿಕೊಳ್ಳುತ್ತವೆ.

2. ಫೋಕಸ್ ಮಾಡಬೇಕಾದದ್ದು ನೇರ ಬಿಂಬದ ಮೇಲಲ್ಲ, ಎಚ್-ಬೀಟಾ ಗೆರೆಯ ಮೇಲೆ. ಒಮ್ಮುಖವಾಗುತ್ತಿರುವ ಕಿರಣಗಳ ನಡುವೆ ಗ್ರೇಟಿಂಗ್ ಕೂತಿರುವುದರಿಂದ ಎರಡರ ಫೋಕಸ್ ಒಂದೇ ಕಡೆ ಬೀಳುವುದಿಲ್ಲ. ಹೊಸಬರ ರೋಹಿತ ಮಸುಕಾಗಲು ಹೆಚ್ಚಿನ ಸಲ ಇದೇ ಕಾರಣ.

3. ರೋಹಿತದ ಅತಿ ಪ್ರಕಾಶದ ಭಾಗ ಕ್ಯಾಮೆರಾ ತಡೆಯಬಲ್ಲ ಗರಿಷ್ಠದ ಶೇ. 70 ದಾಟದಂತೆ ಎಕ್ಸ್‌ಪೋಷರ್ ಇಡಿ. ನೇರ ಬಿಂಬ ತುಂಬಿ ಹರಿದರೂ ಪರವಾಗಿಲ್ಲ, ಅದರ ನಡುಬಿಂದು ಸಿಕ್ಕರೆ ಸಾಕು. ಕ್ಯಾಮೆರಾದ ಅಂಕಿಗಳನ್ನು ಹಾಗೆಯೇ ಇಡುವ ಫಿಟ್ಸ್ ಕಡತವನ್ನೇ ಉಳಿಸಿ. ಜೆಪೆಗ್ ಬೆಳಕಿನ ಅನುಪಾತವನ್ನು ಬದಲಿಸುತ್ತದೆ, ಅದನ್ನು ಮತ್ತೆ ಹಿಂದಕ್ಕೆ ತರಲಾಗದು.

4. 20-30 ಚಿತ್ರ ತೆಗೆದು ಸೇರಿಸಿ. ಅಷ್ಟೇ ಎಕ್ಸ್‌ಪೋಷರಿನ, ಮುಚ್ಚಳ ಹಾಕಿ ತೆಗೆದ ಕಪ್ಪು ಚಿತ್ರಗಳ ಸರಾಸರಿಯನ್ನು ಕಳೆಯಿರಿ. ರೋಹಿತದ ಮೇಲೆ ಕೆಳಗೆ ಇರುವ ಖಾಲಿ ಆಕಾಶವನ್ನೂ ಕಳೆಯಿರಿ. ಪಕ್ಕದ ನಕ್ಷತ್ರವೊಂದು ರೋಹಿತದ ಮೇಲೆ ಬಿದ್ದರೆ ಕ್ಯಾಮೆರಾ ಮತ್ತು ಗ್ರೇಟಿಂಗನ್ನು ಒಟ್ಟಿಗೆ ತಿರುಗಿಸಿದರಾಯಿತು.

ಸೂರ್ಯನ ಕಡೆಗೆ ಈ ಜೋಡಣೆಯನ್ನು ಎಂದೂ ತಿರುಗಿಸಬೇಡಿ. ಸೂರ್ಯನಂಥ ಹಳದಿ ರೋಹಿತ ಬೇಕಿದ್ದರೆ ಬ್ರಹ್ಮಹೃದಯ (ಕೆಪೆಲ್ಲಾ) ಇದೆ.

ತರಂಗದೂರದ ಅಳತೆಗೆ ನೇರ ಬಿಂಬ ಸೊನ್ನೆ, ಎಚ್-ಬೀಟಾ ಎರಡನೆಯ ಬಿಂದು. ತಾಳೆ ನೋಡಲು ನಮ್ಮದೇ ವಾಯುಮಂಡಲದ ಆಮ್ಲಜನಕ 760 ನ್ಯಾನೊಮೀಟರ್ ಬಳಿ ಕೊರೆಯುವ ಕಂದಕವಿದೆ. ಅದು ಯಾವ ನಕ್ಷತ್ರದ್ದೂ ಅಲ್ಲ, ಎಲ್ಲದರಲ್ಲೂ ಬರುತ್ತದೆ. ಗ್ರೇಟಿಂಗ್ ಎರಡು ಪಟ್ಟು ದೂರದಲ್ಲಿ ಇನ್ನೊಂದು ಮಸುಕು ರೋಹಿತವನ್ನೂ ಮೂಡಿಸುತ್ತದೆ. 380ರ ಬೆಳಕಿನ ಈ ಎರಡನೆಯ ಸುತ್ತಿನ ರೋಹಿತ ಸಹ 760ರ ಜಾಗದಲ್ಲೇ ಬಂದು ಬೀಳುವುದರಿಂದ ಅದರಾಚೆಯ ಕೆಂಪನ್ನು ಅಷ್ಟಾಗಿ ನಂಬಬೇಡಿ.

ಈಗ ಉಪಕರಣದ ಸ್ವಭಾವವನ್ನು ತೆಗೆದುಹಾಕಬೇಕು. ಅಭಿಜಿತ್‌ನ ನಿಮ್ಮ ರೋಹಿತವನ್ನು ಎ0 ವರ್ಗದ ಪ್ರಮಾಣಿತ ರೋಹಿತದಿಂದ ಭಾಗಿಸಿ. ಬಂದ ವಕ್ರರೇಖೆಯಲ್ಲಿ ಹೈಡ್ರೋಜನ್ ಗೆರೆಗಳ ಜಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ನಯಗೊಳಿಸಿ. ನಯಗೊಳಿಸದೆ ಬಳಸಿದರೆ ನಂತರ ಅಳೆಯುವ ಪ್ರತಿ ನಕ್ಷತ್ರದಲ್ಲೂ ಅಭಿಜಿತ್‌ನ ಹೈಡ್ರೋಜನ್ ಭೂತದಂತೆ ಇಣುಕುತ್ತದೆ, ಆರ್ದ್ರಾದಂಥ ತಂಪು ನಕ್ಷತ್ರದಲ್ಲೂ. ಪ್ರಮಾಣಿತ ನಕ್ಷತ್ರ ಮತ್ತು ಗುರಿ ಎರಡೂ ದಿಗಂತದಿಂದ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರಲಿ. 30 ಡಿಗ್ರಿ ಎತ್ತರದಲ್ಲಿ ಬೆಳಕು ನೆತ್ತಿಯ ಮೇಲಿನದಕ್ಕಿಂತ ಎರಡು ಪಟ್ಟು ಗಾಳಿ ದಾಟುತ್ತದೆ, ನೀಲಿ ಮೊದಲು ಸೋರಿಹೋಗುತ್ತದೆ.

ಗೆರೆ ಗಾಢವಾದರೆ ಧಾತು ಹೆಚ್ಚೆಂದಲ್ಲ

ರೋಹಿತ ಓದಲು ಕೂತವರು ಬೀಳುವ ದೊಡ್ಡ ಹೊಂಡ ಇದು. ಸೂರ್ಯನ ರೋಹಿತದಲ್ಲಿ ಅತ್ಯಂತ ಗಾಢವಾದವು ಕ್ಯಾಲ್ಸಿಯಂನ 393.4 ಮತ್ತು 396.8 ನ್ಯಾನೊಮೀಟರ್ ಗೆರೆಗಳು. ಹೈಡ್ರೋಜನ್ ಗೆರೆಗಳು ಅವುಗಳ ಮುಂದೆ ಸಾಧಾರಣ. ಆದರೂ ಅಲ್ಲಿ ತೂಕದ ಮುಕ್ಕಾಲು ಪಾಲಿಗೆ ಹತ್ತಿರದಷ್ಟು ಹೈಡ್ರೋಜನ್, ಕ್ಯಾಲ್ಸಿಯಂ ಲವಲೇಶ.

ಕಾರಣ ತಾಪಮಾನ. ಕಣ್ಣಿಗೆ ಕಾಣುವ ಹೈಡ್ರೋಜನ್ ಗೆರೆ ಮೂಡಬೇಕಾದರೆ ಪರಮಾಣುವಿನ ಎಲೆಕ್ಟ್ರಾನ್ ಆಗಲೇ ಎರಡನೆಯ ಮಟ್ಟದಲ್ಲಿರಬೇಕು. ಅಲ್ಲಿಗೆ ಏರಲು 10.2 ಎಲೆಕ್ಟ್ರಾನ್ ವೋಲ್ಟ್ ಬೇಕು. ಸೂರ್ಯನ 5772 ಕೆಲ್ವಿನ್‌ನಲ್ಲಿ ಸುಮಾರು 20 ಕೋಟಿ ಹೈಡ್ರೋಜನ್ ಪರಮಾಣುಗಳಿಗೆ ಒಂದು ಮಾತ್ರ ಆ ಸ್ಥಿತಿಯಲ್ಲಿರುತ್ತದೆ. ಅಭಿಜಿತ್‌ನ 9600 ಕೆಲ್ವಿನ್ ಸುಮಾರಿನಲ್ಲಿ, ಎಲೆಕ್ಟ್ರಾನ್ ಕಳೆದುಕೊಂಡು ಅಯಾನು ಆಗದೆ ಉಳಿದವುಗಳಲ್ಲಿ, 57 ಸಾವಿರಕ್ಕೆ ಒಂದು. ಇನ್ನೂ ಬಿಸಿಯಾದರೆ ಹೈಡ್ರೋಜನ್ ಎಲೆಕ್ಟ್ರಾನನ್ನೇ ಕಳೆದುಕೊಂಡು ಗೆರೆ ಮತ್ತೆ ಕ್ಷೀಣಿಸುತ್ತದೆ. ಕ್ಯಾಲ್ಸಿಯಂ ಕಥೆ ಬೇರೆ: 6.1 ಎಲೆಕ್ಟ್ರಾನ್ ವೋಲ್ಟ್‌ಗೇ ಅದರ ಮೊದಲ ಎಲೆಕ್ಟ್ರಾನ್ ಬಿಟ್ಟುಹೋಗುತ್ತದೆ, ಆದ್ದರಿಂದ ಸೂರ್ಯನಲ್ಲಿರುವ ಬಹುಪಾಲು ಕ್ಯಾಲ್ಸಿಯಂ ಆ ಎರಡು ಗೆರೆಗಳನ್ನು ಹೀರಲು ಸಿದ್ಧವಾಗಿಯೇ ಇರುತ್ತದೆ. ಇದರ ಲೆಕ್ಕಕ್ಕೆ ಸೂತ್ರ ಕೊಟ್ಟವರು ಮೇಘನಾದ ಸಹಾ, 1920ರಲ್ಲಿ. ಅದನ್ನು ನಕ್ಷತ್ರಗಳ ರೋಹಿತಕ್ಕೆ ಹಚ್ಚಿ, ನಕ್ಷತ್ರಗಳು ಮುಖ್ಯವಾಗಿ ಹೈಡ್ರೋಜನ್ ಎಂದು 1925ರ ಪ್ರಬಂಧದಲ್ಲಿ ತೋರಿಸಿದವರು ಸಿಸಿಲಿಯಾ ಪೇಯ್ನ್. ಆ ಫಲಿತಾಂಶವನ್ನು ಆಗಿನ ಹಿರಿಯರು ಒಪ್ಪಲಿಲ್ಲ, ಪೇಯ್ನ್ ಅವರೂ ಅದನ್ನು ಬಹುತೇಕ ಖಚಿತವಾಗಿ ನಿಜವಲ್ಲವೆಂದು ಬರೆಯಬೇಕಾಯಿತು.

ಹಾಗಾಗಿ ನಿಮ್ಮ ಗ್ರೇಟಿಂಗ್ ರೋಹಿತದಿಂದ ಓದಬೇಕಾದದ್ದು ಮೊದಲು ತಾಪಮಾನ. ಹೈಡ್ರೋಜನ್ ಗೆರೆಗಳೇ ಆಳುತ್ತಿದ್ದರೆ ಎ ವರ್ಗ. ಅವು ಇಳಿದು ಕ್ಯಾಲ್ಸಿಯಂ, 517 ಬಳಿಯ ಮೆಗ್ನೀಸಿಯಂ, 589ರ ಸೋಡಿಯಂ ಏರಿದ್ದರೆ ಎಫ್‌ನಿಂದ ಕೆ. ಆರ್ದ್ರಾ, ಜ್ಯೇಷ್ಠಾಗಳಲ್ಲಿ ಕಾಣುವಂತೆ ಮೆಟ್ಟಿಲು ಮೆಟ್ಟಿಲಾಗಿ ಕುಸಿಯುವ ಅಗಲ ಪಟ್ಟಿಗಳಿದ್ದರೆ ಅದು ಟೈಟೇನಿಯಂ ಆಕ್ಸೈಡ್: ಅಣುಗಳು ಒಡೆಯದೆ ಉಳಿಯುವಷ್ಟು ತಂಪು, ಸುಮಾರು 3700 ಕೆಲ್ವಿನ್‌ಗಿಂತ ಕೆಳಗೆ.

ಹಂತ 2: ವಾತಾವರಣದ ಅಂಕಿಗಳು

ಮೇಲ್ಮೈ ಗುರುತ್ವ ಮತ್ತು ಧಾತುಗಳ ಪ್ರಮಾಣ ಬೇಕೆಂದರೆ ಸೂಕ್ಷ್ಮ ರೋಹಿತವೇ ಬೇಕು. ಅದಕ್ಕೆ ದೊಡ್ಡ ದೂರದರ್ಶಕ ಕೊಳ್ಳಬೇಕಿಲ್ಲ. 42,000 ರೆಸಲ್ಯೂಷನ್ನಿನ (ತರಂಗದೂರವನ್ನು ಬೇರ್ಪಡಿಸಬಲ್ಲ ಅತಿ ಕಿರು ಅಂತರದಿಂದ ಭಾಗಿಸಿದ ಸಂಖ್ಯೆ) ಎಲೊಡಿ ಉಪಕರಣದ ರೋಹಿತಗಳೂ 1,15,000ದ ಹಾರ್ಪ್ಸ್ ಉಪಕರಣದ ರೋಹಿತಗಳೂ ಸಾರ್ವಜನಿಕ ಭಂಡಾರಗಳಲ್ಲಿವೆ.

ಕಡತ ತೆರೆದ ಕೂಡಲೆ ತರಂಗದೂರ ಗಾಳಿಯದೋ ನಿರ್ವಾತದ್ದೋ ನೋಡಿ. ಎಚ್-ಆಲ್ಫಾ ಗಾಳಿಯಲ್ಲಿ 656.28, ನಿರ್ವಾತದಲ್ಲಿ 656.46. ಇವೆರಡನ್ನು ಬೆರೆಸಿದರೆ ನಕ್ಷತ್ರ ಸೆಕೆಂಡಿಗೆ 80 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತಿರುವಂತೆ ತೋರುತ್ತದೆ. ಭೂಮಿಯ ಸ್ವಂತ ಚಲನೆಗೆ ತಿದ್ದುಪಡಿ ಆಗಿದೆಯೇ ಎಂಬುದನ್ನೂ ಓದಿ, ಅದು 30 ಕಿಲೋಮೀಟರ್ ತನಕ ವ್ಯತ್ಯಾಸ ತರಬಲ್ಲದು.

ಮುಂದಿನದು ಗೆರೆಗಳಿಲ್ಲದ ಮೇಲ್ಮಟ್ಟ ಎಳೆಯುವುದು. ತಂಪು ನಕ್ಷತ್ರದಲ್ಲಿ ಗೆರೆಯಿಲ್ಲದ ಜಾಗ ಹುಡುಕುವುದೇ ಕಷ್ಟ, ಇಲ್ಲಿಯೇ ಹೆಚ್ಚು ಹೊತ್ತು ಕಳೆಯಬೇಕು. ಈ ಮಟ್ಟ ಶೇ. 1ರಷ್ಟು ತಪ್ಪಿ, ನೀವು ಗೆರೆಯನ್ನು 500 ಮಿಲಿ ಆಂಗ್‌ಸ್ಟ್ರಾಂ (0.05 ನ್ಯಾನೊಮೀಟರ್) ಅಗಲದ ಕಿಟಕಿಯಲ್ಲಿ ಅಳೆದರೆ ಗೆರೆಯ ಬಲದಲ್ಲಿ (ಅದು ನುಂಗಿದ ಒಟ್ಟು ಬೆಳಕಿನ ಅಳತೆ) 5 ಮಿಲಿ ಆಂಗ್‌ಸ್ಟ್ರಾಂ ತಪ್ಪು. 50ರ ಗೆರೆಗೆ ಅದು ಹತ್ತನೇ ಒಂದು ಪಾಲು.

ಕಬ್ಬಿಣದ ಗೆರೆಗಳನ್ನು, 20ರಿಂದ 100 ಮಿಲಿ ಆಂಗ್‌ಸ್ಟ್ರಾಂ ಬಲದವನ್ನು ಮಾತ್ರ ಆರಿಸಿ. ಅದಕ್ಕಿಂತ ಗಾಢವಾದವು ತುಂಬಿಹೋಗಿರುತ್ತವೆ, ಕಬ್ಬಿಣ ಹೆಚ್ಚಾದರೂ ಅಷ್ಟಾಗಿ ಬೆಳೆಯುವುದಿಲ್ಲ. ಅಟ್ಲಾಸ್9 ಅಥವಾ ಮಾರ್ಕ್ಸ್ ಮಾದರಿ ವಾತಾವರಣಗಳ ಮೇಲೆ ಪ್ರತಿ ಗೆರೆಯಿಂದ ಕಬ್ಬಿಣದ ಪ್ರಮಾಣ ಲೆಕ್ಕ ಹಾಕಿ, ಮೂರು ತಕ್ಕಡಿಗಳನ್ನು ಒಟ್ಟಿಗೆ ಸಮ ಮಾಡಬೇಕು. ಕೆಳಮಟ್ಟದ ಶಕ್ತಿಯ ಗೆರೆ ಮತ್ತು ಮೇಲ್ಮಟ್ಟದ ಶಕ್ತಿಯ ಗೆರೆ ಒಂದೇ ಉತ್ತರ ಕೊಡುವ ತನಕ ತಾಪಮಾನ ಬದಲಿಸಿ. ತಟಸ್ಥ ಕಬ್ಬಿಣ ಮತ್ತು ಅಯಾನೀಕೃತ ಕಬ್ಬಿಣ ಒಂದೇ ಉತ್ತರ ಕೊಡುವ ತನಕ ಗುರುತ್ವ ಬದಲಿಸಿ. ಕ್ಷೀಣ ಗೆರೆ, ಬಲವಾದ ಗೆರೆ ಒಂದೇ ಉತ್ತರ ಕೊಡುವ ತನಕ ಅನಿಲದ ಸೂಕ್ಷ್ಮ ಕದಡಿಕೆಯ ವೇಗ ಬದಲಿಸಿ. ಒಂದನ್ನು ಸರಿಪಡಿಸಿದರೆ ಇನ್ನೊಂದು ಕದಲುತ್ತದೆ, ಅದಕ್ಕೇ ಮತ್ತೆ ಮತ್ತೆ ಸುತ್ತು ಹಾಕಬೇಕು. ಪರೀಕ್ಷೆಗೆ ಕ್ಷುದ್ರಗ್ರಹದಿಂದ ಪ್ರತಿಫಲಿಸಿದ ಸೂರ್ಯನ ರೋಹಿತ ಕೊಡಿ: 5772 ಕೆಲ್ವಿನ್, ಮೇಲ್ಮೈ ಗುರುತ್ವದ ಲಾಗ್ (ಸೆಂಟಿಮೀಟರ್-ಸೆಕೆಂಡ್ ಮಾನದಲ್ಲಿ) 4.44, ಕದಡಿಕೆ ಸೆಕೆಂಡಿಗೆ ಸುಮಾರು 1 ಕಿಲೋಮೀಟರ್ ಬರಬೇಕು. ತಾಪಮಾನ 100 ಕೆಲ್ವಿನ್‌ಗಿಂತ ಹೆಚ್ಚು ತಪ್ಪಿದರೆ ಮೇಲ್ಮಟ್ಟಕ್ಕೆ ವಾಪಸು ಹೋಗಿ.

ಹಂತ 3: ಗುಚ್ಛದ ವಯಸ್ಸು

ಒಂಟಿ ನಕ್ಷತ್ರದ ವಯಸ್ಸು ಹೇಳುವುದು ಕಷ್ಟ, ಒಟ್ಟಿಗೆ ಹುಟ್ಟಿದ ಗುಂಪಿನದು ಸುಲಭ. ಮೊದಲ ಅಭ್ಯಾಸಕ್ಕೆ ಕೃತ್ತಿಕೆಗಿಂತ ಕರ್ಕಾಟಕ ರಾಶಿಯ ಎಂ67 ವಾಸಿ. ಕೃತ್ತಿಕೆ ಎಳೆಯದು, ಗರ್ಭದಲ್ಲಿ ಹೈಡ್ರೋಜನ್ ಉರಿಸುವವರ ಪ್ರಧಾನ ಶ್ರೇಣಿಯಿಂದ ತಿರುಗುತ್ತಿರುವ ನಕ್ಷತ್ರಗಳು ಬೆರಳೆಣಿಕೆಯಷ್ಟು. ಎಂ67ರಲ್ಲಿ ಪ್ರಧಾನ ಶ್ರೇಣಿ, ತಿರುವು (ಗರ್ಭದ ಹೈಡ್ರೋಜನ್ ಮುಗಿದು ಶ್ರೇಣಿ ಬಿಡುವ ಜಾಗ), ಉಪದೈತ್ಯರು, ಕೆಂಪು ದೈತ್ಯರು ಎಲ್ಲ ಇದ್ದಾರೆ. ಧೂಳೂ ಕಡಿಮೆ, ಧಾತುಗಳ ಪ್ರಮಾಣವೂ ಸೂರ್ಯನಿಗೆ ಹತ್ತಿರ.

2022ರ ಜೂನ್‌ನಲ್ಲಿ ಬಂದ, ನಕ್ಷತ್ರಗಳ ಸ್ಥಾನ ಅಳೆದ ಗಯಾ ನೌಕೆಯ ಮೂರನೆಯ ಬಿಡುಗಡೆಯ ಪಟ್ಟಿಯಿಂದ 132.85 ಡಿಗ್ರಿ ವಿಷುವಾಂಶ, 11.81 ಡಿಗ್ರಿ ಘಂಟಾವೃತ್ತಾಂಶದ ಸುತ್ತ ಅರ್ಧ ಡಿಗ್ರಿ ತ್ರಿಜ್ಯದಲ್ಲಿ, 18ನೇ ಕಾಂತಿಮಾನದವರೆಗಿನ (ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂದ) ನಕ್ಷತ್ರಗಳನ್ನು ಕೇಳಿ. ಪ್ಯಾರಲಾಕ್ಸ್ (ಭೂಮಿ ಸುತ್ತುವಾಗ ನಕ್ಷತ್ರ ಸರಿದಂತೆ ಕಾಣುವ ಕೋನ, ದೂರ ತಿಳಿಯುವುದು ಇದರಿಂದ), ಅದರ ದೋಷ, ಎರಡು ದಿಕ್ಕಿನ ಸ್ವಂತ ಚಲನೆ, ಜಿ ಕಾಂತಿಮಾನ, ನೀಲಿ-ಕೆಂಪು ಬಣ್ಣದ ಅಂಕಿ ಈ ಕಾಲಂಗಳು ಸಾಕು. ಎರಡು ಚಲನೆಗಳನ್ನು ಒಂದರ ಎದುರು ಇನ್ನೊಂದು ಬಿಡಿಸಿದರೆ ವರ್ಷಕ್ಕೆ −11, −2.9 ಮಿಲಿ ಆರ್ಕ್‌ಸೆಕೆಂಡ್ ಬಳಿ ದಟ್ಟ ಗುಂಪೊಂದು ಎದ್ದು ಕಾಣುತ್ತದೆ. ಅದರ ಸುತ್ತ 1 ಮಿಲಿ ಆರ್ಕ್‌ಸೆಕೆಂಡ್ ವೃತ್ತದೊಳಗಿನವನ್ನು ಉಳಿಸಿಕೊಂಡು, ಅವುಗಳಲ್ಲಿ ಪ್ಯಾರಲಾಕ್ಸ್ 1.15 ಮಿಲಿ ಆರ್ಕ್‌ಸೆಕೆಂಡಿನ ಆಸುಪಾಸು ಇರುವವನ್ನು ಮಾತ್ರ ಇಟ್ಟುಕೊಳ್ಳಿ.

ಇಲ್ಲಿ ಎರಡು ಬಲೆಗಳಿವೆ. ದೋಷ ಹತ್ತನೇ ಒಂದಕ್ಕಿಂತ ಕಡಿಮೆ ಇರಬೇಕೆಂಬ ರೂಢಿಯ ಸೋಸುಗ ಹಾಕಿದರೆ ಮಂದ ನಕ್ಷತ್ರಗಳು ಸದ್ದಿಲ್ಲದೆ ಉದುರಿ ಶ್ರೇಣಿಯ ಬಾಲ ತುಂಡಾಗುತ್ತದೆ. ಇನ್ನೊಂದು, ಪ್ರತಿ ನಕ್ಷತ್ರದ ದೂರವನ್ನು ಅದರದೇ ಪ್ಯಾರಲಾಕ್ಸ್‌ನಿಂದ ತೆಗೆಯುವುದು. 1.15ರಲ್ಲಿ 0.1 ತಪ್ಪಿದರೂ ಕಾಂತಿಮಾನ ಸುಮಾರು 0.2 ಅಲುಗಾಡಿ ತೆಳುವಾಗಿರಬೇಕಾದ ಶ್ರೇಣಿ ಉಬ್ಬುತ್ತದೆ. ಗುಚ್ಛದ ಸರಾಸರಿ ಪ್ಯಾರಲಾಕ್ಸ್ ಒಂದನ್ನೇ ಎಲ್ಲಕ್ಕೂ ಬಳಸಿ. ಗಯಾದ ಪ್ಯಾರಲಾಕ್ಸ್ ತುಸು ಕಡಿಮೆ ತೋರಿಸುವ ಜಾಯಮಾನದ್ದು, ಆದ್ದರಿಂದ 0.02ರಿಂದ 0.04 ಸೇರಿಸಬೇಕಾಗುತ್ತದೆ. ನಿಜ ಕಾಂತಿಮಾನ ಎಂದರೆ ಜಿ ಕಾಂತಿಮಾನಕ್ಕೆ, ಮಿಲಿ ಆರ್ಕ್‌ಸೆಕೆಂಡಿನಲ್ಲಿರುವ ಪ್ಯಾರಲಾಕ್ಸ್‌ನ ಲಾಗ್‌ನ ಐದು ಪಟ್ಟು ಕೂಡಿಸಿ 10 ಕಳೆದದ್ದು. ಎಂ67ಕ್ಕೆ ಒಟ್ಟು ಸುಮಾರು 9.7 ಕಳೆಯಬೇಕು.

ಬಣ್ಣ ಅಡ್ಡಕ್ಕೆ, ಕಾಂತಿಮಾನ ಉದ್ದಕ್ಕೆ (ಪ್ರಕಾಶ ಹೆಚ್ಚಿದ್ದು ಮೇಲೆ) ಇಟ್ಟು ಬಿಡಿಸಿ. ಶ್ರೇಣಿಗೆ ಸಮಾಂತರವಾಗಿ 0.75 ಕಾಂತಿಮಾನ ಮೇಲೆ ಇನ್ನೊಂದು ಮಸುಕು ಗೆರೆ ಕಂಡರೆ ಅದು ಜೋಡಿ ನಕ್ಷತ್ರಗಳದು. ಒಂದೇ ಚುಕ್ಕೆಯಲ್ಲಿ ಎರಡು ಸಮಾನ ಸೂರ್ಯರ ಬೆಳಕು ಸೇರಿದಾಗ ಬರುವ ವ್ಯತ್ಯಾಸ ಅಷ್ಟೇ. ತಿರುವಿಗಿಂತ ಮೇಲೆ ನೀಲಿಯಲ್ಲಿ ಉಳಿದ ಒಂಟಿಗರನ್ನು ಎಳೆಯರೆಂದು ಎಣಿಸಬೇಡಿ. ಸಂಗಾತಿಯಿಂದ ದ್ರವ್ಯ ಪಡೆದೋ, ಎರಡು ಸೇರಿ ಒಂದಾಗಿಯೋ ಅವು ಹಾಗಿವೆ. ಅವನ್ನು ಸೇರಿಸಿಕೊಂಡು ವಯಸ್ಸು ತೆಗೆದರೆ ಗುಚ್ಛ ಇರುವುದಕ್ಕಿಂತ ಬಹಳ ಚಿಕ್ಕದೆನಿಸುತ್ತದೆ.

ಆಮೇಲೆ ಪಾರ್ಸೆಕ್ ಅಥವಾ ಮಿಸ್ಟ್ ತಂಡಗಳ ಜಾಲತಾಣದಿಂದ 300, 350, 400, 450, 500 ಕೋಟಿ ವರ್ಷಗಳ ಸಮವಯಸ್ಕ ರೇಖೆಗಳನ್ನು (ಒಂದೇ ವಯಸ್ಸಿನ, ಬೇರೆಬೇರೆ ದ್ರವ್ಯರಾಶಿಯ ನಕ್ಷತ್ರಗಳು ನಕ್ಷೆಯಲ್ಲಿ ಬೀಳುವ ಜಾಗ) ಇಳಿಸಿಕೊಂಡು ಮೇಲೆ ಹೊದಿಸಿ. ಧೂಳಿನಿಂದಾಗುವ ಕೆಂಪೇರಿಕೆ (ಬಿ−ವಿ ಬಣ್ಣದಲ್ಲಿ) 0.04 ಎಂದಿಟ್ಟುಕೊಂಡರೆ ಗಯಾ ಬಣ್ಣದಲ್ಲಿ ಸುಮಾರು 0.05, ಜಿ ಕಾಂತಿಮಾನದಲ್ಲಿ 0.11 ಸರಿಸಬೇಕು. ತಿರುವು ಮತ್ತು ಉಪದೈತ್ಯರ ಮಟ್ಟವನ್ನಷ್ಟೇ ಹೊಂದಿಸಿ. ಕೆಂಪು ದೈತ್ಯರ ಬಣ್ಣ ಸಂವಹನದ (ಕುದಿಯುವ ಅನಿಲ ಶಾಖವನ್ನು ಮೇಲಕ್ಕೆ ಹೊರುವುದರ) ಬಗ್ಗೆ ಮಾದರಿ ಮಾಡಿಕೊಂಡ ಊಹೆಯ ಮೇಲೆ ನಿಂತಿದೆ. ಶ್ರೇಣಿಯ ಕೆಳತುದಿಯ ಕುಬ್ಜರಲ್ಲಿ ಮಾದರಿಗಳೇ ನಿಜಕ್ಕಿಂತ ನೀಲಿ. ಸುಮಾರು 400 ಕೋಟಿ ವರ್ಷ ಬಂದರೆ ಕೆಲಸ ಸರಿಯಾಗಿದೆ. ತಿರುವಿನಲ್ಲಿರುವ ನಕ್ಷತ್ರಗಳ ದ್ರವ್ಯರಾಶಿ ಸೂರ್ಯನ 1.3 ಪಟ್ಟು ಹತ್ತಿರ.

ಹಂತ 4: ಒಳರಚನೆಯ ಮಾದರಿ

ನಕ್ಷತ್ರದ ಒಳರಚನೆ ಮತ್ತು ಬೆಳವಣಿಗೆಯನ್ನು ಲೆಕ್ಕ ಹಾಕುವ ಮೆಸಾ ಎಂಬ ಮುಕ್ತ ತಂತ್ರಾಂಶ ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ನಡೆಯುತ್ತದೆ. ಅನುಸ್ಥಾಪನೆಗೆ ಅವರೇ ಕೊಡುವ ಕಂಪೈಲರ್ ಕಟ್ಟನ್ನೇ ಬಳಸಿ, ಬೇರೆಯದರೊಂದಿಗೆ ಗುದ್ದಾಡುವುದು ಸಮಯ ವ್ಯರ್ಥ. ಮೊದಲ ಓಟ ಸೂರ್ಯನದು: ಒಂದು ಸೌರ ದ್ರವ್ಯರಾಶಿ, 457 ಕೋಟಿ ವರ್ಷಕ್ಕೆ ನಿಲ್ಲಿಸಿ. ಗರ್ಭದ ತಾಪಮಾನ 1.57 ಕೋಟಿ ಕೆಲ್ವಿನ್, ಸಾಂದ್ರತೆ ಘನ ಸೆಂಟಿಮೀಟರಿಗೆ 150 ಗ್ರಾಂ ಹತ್ತಿರ, ನಡುವೆ ಉಳಿದ ಹೈಡ್ರೋಜನ್ ಮೂರನೇ ಒಂದು ಪಾಲಿನಷ್ಟು ಇರಬೇಕು. ತ್ರಿಜ್ಯ ಹೊಂದದಿದ್ದರೆ ಸಂವಹನದ ಮಿಶ್ರಣ ಉದ್ದವನ್ನೂ (ಬಿಸಿ ಅನಿಲದ ಗುಳ್ಳೆ ಕರಗುವ ಮುನ್ನ ಏರುವ ದೂರ), ಪ್ರಕಾಶ ಹೊಂದದಿದ್ದರೆ ಆರಂಭದ ಹೀಲಿಯಂ ಪ್ರಮಾಣವನ್ನೂ ತಿದ್ದಿ. ಸೂರ್ಯನ ಕಂಪನಗಳಿಂದ ಅಳೆದಂತೆ ಸಂವಹನ ವಲಯದ ತಳ ಇರುವುದು ತ್ರಿಜ್ಯದ 0.713ರಲ್ಲಿ. ಭಾರದ ಧಾತುಗಳು ನಿಧಾನವಾಗಿ ಕೆಳಗಿಳಿಯುವ ವಿಸರಣೆಯನ್ನು ಮಾದರಿಯಲ್ಲಿ ಸೇರಿಸದಿದ್ದರೆ ಆ ತಳ ಮೇಲಕ್ಕೆ ಸರಿಯುತ್ತದೆ.

ಬಳಿಕ ಜಾಲದ ಅಂತರವನ್ನೂ ಕಾಲದ ಹೆಜ್ಜೆಯನ್ನೂ ಅರ್ಧಕ್ಕಿಳಿಸಿ ಮತ್ತೊಮ್ಮೆ ಓಡಿಸಿ. ಉತ್ತರ ಬದಲಾದರೆ ಮೊದಲಿನದು ಭೌತಶಾಸ್ತ್ರವಲ್ಲ, ಗಣಕದ ಒರಟುತನ. ಮುಂದೆ ಹೀಲಿಯಂ ಸ್ಫೋಟದ (ಕೆಂಪು ದೈತ್ಯನ ಗರ್ಭದಲ್ಲಿ ಹೀಲಿಯಂ ಹಠಾತ್ತನೆ ಹೊತ್ತಿಕೊಳ್ಳುವುದರ) ಹತ್ತಿರ ಓಟ ತೆವಳತೊಡಗಿದರೆ ಗಾಬರಿ ಬೇಡ. ಸುಮಾರು 0.47 ಸೌರ ದ್ರವ್ಯರಾಶಿಯ ಒತ್ತಿಹೋದ ಗರ್ಭದಲ್ಲಿ ತಾಪಮಾನ ಏರಿದರೂ ಒತ್ತಡ ಅದಕ್ಕೆ ತಕ್ಕಂತೆ ಏರುವುದಿಲ್ಲ, ಉರಿ ಹತೋಟಿ ತಪ್ಪುತ್ತದೆ. ಆಗ ಹೆಜ್ಜೆ ಸಣ್ಣದಾಗಲೇಬೇಕು.

ಹಂತ 5: ಕಂಪನದಿಂದ ತಾಳೆ

ನಕ್ಷತ್ರ ಕಂಪಿಸುವಾಗ ಅದರ ಬೆಳಕು ಏರಿಳಿಯುತ್ತದೆ. ಟೆಸ್ ಮತ್ತು ಕೆಪ್ಲರ್ ಎಂಬ ಬಾಹ್ಯಾಕಾಶ ದೂರದರ್ಶಕಗಳು ಅಳೆದ ಬೆಳಕಿನ ಏರಿಳಿತ ಸಾರ್ವಜನಿಕವಾಗಿದೆ, ಪೈಥಾನ್‌ನ ಲೈಟ್‌ಕರ್ವ್ ಪ್ಯಾಕೇಜಿನಿಂದ ಇಳಿಸಿಕೊಳ್ಳಬಹುದು. ಅಳತೆಯ ಬಿಡುವು ಮೊದಲು ನೋಡಿ. ಕೆಪ್ಲರಿನ ಅರ್ಧ ಗಂಟೆಯ ದತ್ತಾಂಶ 283 ಮೈಕ್ರೊಹರ್ಟ್ಸ್ ತನಕ ಮಾತ್ರ ನೆಚ್ಚಿಕೊಳ್ಳಬಹುದಾದದ್ದು. ಸೂರ್ಯನಂಥವು 3090ರ ಸುಮಾರಿಗೆ ಮಿಡಿಯುತ್ತವೆ, ಅಲ್ಲಿ ಹುಡುಕಿ ಫಲವಿಲ್ಲ. ಆ ದತ್ತಾಂಶ ಕೆಂಪು ದೈತ್ಯರಿಗೆ ತಕ್ಕದ್ದು.

ದೈತ್ಯನೊಂದರ ಅತಿ ಪ್ರಬಲ ಕಂಪನದ ಆವರ್ತನ 100 ಮೈಕ್ರೊಹರ್ಟ್ಸ್, ಆವರ್ತನ ಪಟ್ಟಿಯಲ್ಲಿ ಒಂದೇ ಬಗೆಯ ಶಿಖರಗಳ ನಡುವಿನ ಅಂತರ 9, ತಾಪಮಾನ 4800 ಕೆಲ್ವಿನ್ ಎನ್ನಿ. ಸೂರ್ಯನ 3090, 135, 5772ರೊಂದಿಗೆ ಹೋಲಿಸುವ ಸೂತ್ರಕ್ಕೆ ಹಾಕಿದರೆ ದ್ರವ್ಯರಾಶಿ 1.3 ಸೂರ್ಯ, ತ್ರಿಜ್ಯ 6.6 ಸೂರ್ಯ. ದ್ರವ್ಯರಾಶಿಯಲ್ಲಿ ಶಿಖರಗಳ ಅಂತರ ನಾಲ್ಕನೆಯ ಘಾತದಲ್ಲಿ ಬರುವುದರಿಂದ ಅಲ್ಲಿನ ಶೇ. 1 ತಪ್ಪು ಶೇ. 4 ಆಗುತ್ತದೆ. ತಾಪಮಾನವನ್ನು ಎರಡನೆಯ ಹಂತದಿಂದಲೇ ತನ್ನಿ.

ಇನ್ನೊಂದು ವಿಷಯ ರೋಹಿತದಿಂದಲೂ ಬಣ್ಣದಿಂದಲೂ ಬಗೆಹರಿಯುವುದು ಕಷ್ಟ: ದೈತ್ಯ ಇನ್ನೂ ಗರ್ಭದ ಸುತ್ತಲಿನ ಹೈಡ್ರೋಜನ್ ಚಿಪ್ಪನ್ನಷ್ಟೇ ಉರಿಸುತ್ತಿದೆಯೋ, ಗರ್ಭದಲ್ಲಿ ಹೀಲಿಯಂ ಹೊತ್ತಿಕೊಂಡಿದೆಯೋ? ಗರ್ಭದವರೆಗೆ ಇಳಿಯುವ ಮಿಶ್ರ ಕಂಪನಗಳ ಅವಧಿಗಳ ನಡುವಿನ ಅಂತರ ಅಳೆಯಿರಿ. 50 ಸೆಕೆಂಡಿನ ಸುಮಾರಿಗಿದ್ದರೆ ಮೊದಲನೆಯದು, 100ರಿಂದ 300 ಸೆಕೆಂಡಿನ ನಡುವೆ ಇದ್ದರೆ ಎರಡನೆಯದು. ಇದಕ್ಕೆ ಕೆಲವು ವಾರಗಳ ದತ್ತಾಂಶ ಸಾಲದು, ಶಿಖರಗಳು ಬಿಡಿಬಿಡಿಯಾಗಲು ಕೆಪ್ಲರಿನಂಥ ವರ್ಷಗಟ್ಟಲೆಯ ಸರಣಿಯೇ ಬೇಕು.